ತನ್ನ ಕನ್ನಡಕದ ಲೆಕ್ಕವನ್ನು ತಾನೇ ಮಾಡಿದ ಜಾರ್ಜ್ ಏರಿ

ಅಭ್ಯಾಸ ಬೋಧನೆಯಲ್ಲಿ ಹತ್ತನೇ ತರಗತಿಯ ದೃಷ್ಟಿದೋಷಗಳ ಪಾಠ ನನ್ನ ಪಾಲಿಗೆ ಬಂದಿತ್ತು. ಕನ್ನಡಕದ ಅಂಗಡಿಯ ಕಂಪ್ಯೂಟರ್ ಕಣ್ಣಿನ ನಂಬರನ್ನು ಹೇಗೆ ಲೆಕ್ಕ ಹಾಕುತ್ತದೆ ಎಂದು ಒಬ್ಬ ವಿದ್ಯಾರ್ಥಿನಿ ಕೇಳಿದಳು. ನಾನು ತಡವರಿಸಿದೆ. ಅದೇ ದಿನ, ಕಪ್ಪುಹಲಗೆ ಬಿಟ್ಟು ಪಕ್ಕದವನ ಪುಸ್ತಕ ನೋಡಿ ಬರೆಯುತ್ತಿದ್ದ ಹುಡುಗನೊಬ್ಬನನ್ನು ಗದರಿಸಿಯೂ ಇದ್ದೆ. ಉತ್ತರ ಹುಡುಕುತ್ತಾ ಹೋದಾಗ ನನಗೆ ಸಿಕ್ಕವರು ಜಾರ್ಜ್ ಬಿಡೆಲ್ ಏರಿ.

ಏರಿ 1801ರಲ್ಲಿ ಇಂಗ್ಲೆಂಡಿನಲ್ಲಿ ಜನಿಸಿದರು. 1823ರಲ್ಲಿ ಕೇಂಬ್ರಿಡ್ಜ್‌ನ ಗಣಿತ ಪರೀಕ್ಷೆಯಲ್ಲಿ ಮೊದಲ ಸ್ಥಾನ ಪಡೆದರು. ಓದುವಾಗ ತಮ್ಮ ಎಡಗಣ್ಣು ಕೆಲಸಕ್ಕೇ ಬರುತ್ತಿಲ್ಲವೆಂಬುದು ಅವರ ಗಮನಕ್ಕೆ ಬಂತು. ಸಾಮಾನ್ಯ ನಿಮ್ನ ಮಸೂರದಿಂದ ಅದು ಸರಿಹೋಗಲಿಲ್ಲ. ರಟ್ಟಿಗೆ ಸೂಜಿಯಿಂದ ಸಣ್ಣ ರಂಧ್ರ ಮಾಡಿ, ಬೆಳಕಿಗೆ ಹಿಡಿದು, ಹಿಂದೆ ಮುಂದೆ ಸರಿಸುತ್ತಾ ನೋಡಿದರು. 6 ಇಂಚು ದೂರದಲ್ಲಿ ಬೆಳಕಿನ ಚುಕ್ಕೆ ಓರೆ ಗೆರೆಯಾಗಿ ಕಂಡಿತು; 3.5 ಇಂಚಿನಲ್ಲಿ ಅದಕ್ಕೆ ಲಂಬವಾದ ಗೆರೆಯಾಯಿತು. ಅಂದರೆ, ಒಂದೇ ಕಣ್ಣಿಗೆ ಎರಡು ದಿಕ್ಕಿನಲ್ಲಿ ಎರಡು ಸಾಮರ್ಥ್ಯ!

ಇದನ್ನು ನಮ್ಮ ಪಠ್ಯದ ಸೂತ್ರಕ್ಕೆ ಹಾಕಿ ನೋಡಿದೆ. 15.24 ಸೆಂ.ಮೀ.ಗೆ ಮೈನಸ್ 6.56 ಡಯಾಪ್ಟರ್, 8.89 ಸೆಂ.ಮೀ.ಗೆ ಮೈನಸ್ 11.25 ಡಯಾಪ್ಟರ್, ವ್ಯತ್ಯಾಸ 4.69. ಡಯಾಪ್ಟರ್ ಎಂಬ ಮಾನ ಆಗಿನ್ನೂ ಇರಲಿಲ್ಲ. ಒಂದು ಮೈ ಗೋಳಾಕಾರ, ಇನ್ನೊಂದು ಮೈ ಸಿಲಿಂಡರಾಕಾರವಿರುವ ಮಸೂರವನ್ನು ಏರಿ ತಾವೇ ಲೆಕ್ಕ ಹಾಕಿ, ಇಪ್ಸ್‌ವಿಚ್‌ನಲ್ಲಿ ಮಾಡಿಸಿಕೊಂಡರು. 1825ರಲ್ಲಿ ಕೇಂಬ್ರಿಡ್ಜ್ ಫಿಲಸಾಫಿಕಲ್ ಸೊಸೈಟಿಯ ಮುಂದೆ ಅದನ್ನು ವಿವರಿಸಿದರು. ಇಂಥ ದೋಷವನ್ನು ಥಾಮಸ್ ಯಂಗ್ ಮೊದಲೇ ತಮ್ಮ ಕಣ್ಣಿನಲ್ಲಿ ಗುರುತಿಸಿದ್ದರು. ಆಸ್ಟಿಗ್ಮ್ಯಾಟಿಸಂ ಎಂಬ ಹೆಸರು ಆಮೇಲೆ ಬಂತು.

1835ರಿಂದ 1881ರವರೆಗೆ ಏರಿ ಗ್ರೀನಿಚ್ ವೀಕ್ಷಣಾಲಯದ ಮುಖ್ಯಸ್ಥರಾಗಿದ್ದರು. ಅಲ್ಲಿ ದಿನವಿಡೀ ಲೆಕ್ಕ ಮಾಡುತ್ತಿದ್ದ ಹದಿಹರೆಯದ ಹುಡುಗರನ್ನೇ ಕಂಪ್ಯೂಟರ್ ಎಂದು ಕರೆಯುತ್ತಿದ್ದರು. ಏರಿ ವರ್ಷಗಳ ನಂತರವೂ ತಮ್ಮ ಕಣ್ಣನ್ನು ಮತ್ತೆ ಮತ್ತೆ ಅಳೆದುಕೊಂಡರು. 1892ರಲ್ಲಿ ನಿಧನರಾದರು.

ಇಂದಿನ ಯಂತ್ರ ಅವರಂತೆ ಸೂಜಿರಂಧ್ರ ಬಳಸುವುದಿಲ್ಲ. ಕಣ್ಣಿನೊಳಗೆ ಅವಕೆಂಪು ಬೆಳಕು ಹಾಯಿಸಿ, ಮರಳಿ ಬಂದ ಬೆಳಕಿನಿಂದ ಗೋಳ, ಸಿಲಿಂಡರ್, ಅಕ್ಷ ಎಂಬ ಮೂರು ಸಂಖ್ಯೆಗಳನ್ನು ಲೆಕ್ಕ ಹಾಕುತ್ತದೆ. ಆದರೂ ಪರೀಕ್ಷಕರು ಆಮೇಲೆ ಮಸೂರ ಬದಲಿಸುತ್ತಾ, ಯಾವುದರಲ್ಲಿ ಸ್ಪಷ್ಟವಾಗಿ ಕಾಣುತ್ತದೆ ಎಂದು ಕೇಳಿಯೇ ನಂಬರ್ ಬರೆಯುತ್ತಾರೆ.

ಮುಂದಿನ ತರಗತಿಯಲ್ಲಿ ಏರಿಯವರ ಕಥೆ ಹೇಳಿ, ಹಲಗೆಯ ಮೇಲೆ ಚಕ್ರದ ಅರಗಳಂತೆ ಗೆರೆ ಎಳೆದು, ಒಂದೊಂದೇ ಕಣ್ಣಿನಿಂದ ನೋಡಲು ಹೇಳಿದೆ. ನಾನು ಗದರಿಸಿದ್ದ ಹುಡುಗ, ಅಡ್ಡಗೆರೆಗಳು ಮಾತ್ರ ಮಸುಕಾಗಿವೆ ಎಂದ. ಕಣ್ಣಿನ ಪರೀಕ್ಷೆ ಮಾಡಿಸುವಂತೆ ತರಗತಿ ಶಿಕ್ಷಕರ ಮೂಲಕ ಅವನ ಮನೆಗೆ ತಿಳಿಸಿದೆವು. ನನ್ನ ಪಾಠಯೋಜನೆಯ ಪೂರ್ವಜ್ಞಾನ ಪರೀಕ್ಷೆಯಲ್ಲಿ ಈಗ ಹೊಸ ಪ್ರಶ್ನೆಯೊಂದು ಸೇರಿದೆ: ಹಲಗೆ ಎಲ್ಲರಿಗೂ ಕಾಣುತ್ತಿದೆಯೇ?