ಶ್ರೀಮತಿ ಕಮಲಾದೇವಿ ಚಟ್ಟೋಪಾಧ್ಯಾಯ

ಸ್ತ್ರೀಸ್ವಾತಂತ್ರ್ಯದ ದನಿಯನ್ನು ದೇಶವಿದೇಶಗಳಲ್ಲಿ ಮೊಳಗಿಸಿದ ಕಮಲಾದೇವಿಯವರು 1903ರ ಏಪ್ರಿಲ್ 3ರಂದು ಮಂಗಳೂರಿನ ಸಾರಸ್ವತ ಮನೆತನವೊಂದರಲ್ಲಿ ಜನಿಸಿದರು. ತಂದೆ ಅನಂತಯ್ಯ ಧಾರೇಶ್ವರರು ಉಯಿಲು ಬರೆಯದೆ ಕಾಲವಾದಾಗ ಆಸ್ತಿಯೆಲ್ಲ ಮೊದಲ ಪತ್ನಿಯ ಮಗನ ಪಾಲಾಯಿತು. ಆತ ಕೊಡಬೇಕಾಗಿದ್ದ ಮಾಸಾಶನವನ್ನು ತಾಯಿ ಗಿರಿಜಾಬಾಯಿ ನಿರಾಕರಿಸಿದರು. ಹೆಣ್ಣಿಗೆ ಕಾನೂನಿನಲ್ಲಿದ್ದ ಸ್ಥಾನವೆಂಥದೆಂಬುದನ್ನು ಬಾಲಕಿ ಅರಿತದ್ದು ಪಾಠಶಾಲೆಯಲ್ಲಲ್ಲ. ಹದಿನಾಲ್ಕರಲ್ಲಿ ವಿವಾಹ, ಎರಡೇ ವರ್ಷಗಳಲ್ಲಿ ವೈಧವ್ಯ. ಬಳಿಕ ಕವಿ ಹರೀಂದ್ರನಾಥ ಚಟ್ಟೋಪಾಧ್ಯಾಯರೊಡನೆ ಪುನರ್ವಿವಾಹ. ಆ ಕಾಲಕ್ಕೆ ಇದೇನು ಸಾಮಾನ್ಯ ಸಾಹಸವೆ?

1926ರಲ್ಲಿ ಮದರಾಸು ಶಾಸನಸಭೆಗೆ ಸ್ತ್ರೀಯರೂ ಸ್ಪರ್ಧಿಸಬಹುದೆಂದಾಯಿತು. ಐರಿಷ್ ಮಹಿಳೆ ಮಾರ್ಗರೆಟ್ ಕಸಿನ್ಸ್ ಅವರ ಒತ್ತಾಸೆಯಿಂದ, ಇಪ್ಪತ್ಮೂರರ ಹರೆಯದ ಕಮಲಾದೇವಿಯವರು ಮಂಗಳೂರಿನಿಂದ ಕಣಕ್ಕಿಳಿದು ಅತ್ಯಲ್ಪ ಮತಗಳಿಂದ ಸೋತರು. ಮರುವರ್ಷವೇ ಅಖಿಲ ಭಾರತ ಮಹಿಳಾ ಪರಿಷತ್ತಿನ ಸಂಘಟನೆಗೆ ಹೆಗಲು ಕೊಟ್ಟರು. 1929ರಲ್ಲಿ ಬರ್ಲಿನ್‌ನ ಅಂತರರಾಷ್ಟ್ರೀಯ ಮಹಿಳಾ ಸಮ್ಮೇಳನದಲ್ಲಿ ಭಾರತದ ಪ್ರತಿನಿಧಿಯಾದರು. ಅಲ್ಲಿ ಭಾರತಕ್ಕೆ ಬ್ರಿಟಿಷ್ ಧ್ವಜವೇ ಗತಿಯೆಂದು ಕಂಡಾಗ ನಮ್ಮ ಪ್ರತಿನಿಧಿಗಳು ತಮ್ಮ ಸೀರೆಗಳನ್ನೇ ಹರಿದು ತ್ರಿವರ್ಣ ಧ್ವಜವನ್ನು ಹೊಲಿದರು.

1930ರಲ್ಲಿ ಬಾಪೂಜಿಯವರೊಡನೆ ದಂಡಿಗೆ ಹೊರಟ 78 ಸತ್ಯಾಗ್ರಹಿಗಳಲ್ಲಿ ಒಬ್ಬ ಸ್ತ್ರೀಯೂ ಇರಲಿಲ್ಲ. ಕಮಲಾದೇವಿಯವರು ಸುಮ್ಮನಿರಲಿಲ್ಲ; ಮಹಾತ್ಮರನ್ನು ಕಂಡು ವಾದಿಸಿ, ಸ್ತ್ರೀಯರಿಗೂ ಸತ್ಯಾಗ್ರಹದಲ್ಲಿ ಪಾಲು ದೊರಕಿಸಿದರು. ಗುರುವಿನಂಥವರ ಮುಂದೆಯೂ ನ್ಯಾಯಕ್ಕಾಗಿ ನಿಲ್ಲುವುದು ಸುಲಭವಲ್ಲ. ಮುಂಬಯಿಯಲ್ಲಿ ಉಪ್ಪು ತಯಾರಿಸಿ, ಷೇರುಪೇಟೆಯೊಳಕ್ಕೇ ಹೊಕ್ಕು ಪೊಟ್ಟಣಗಳನ್ನು ಮಾರಿ, ಸೆರೆಮನೆ ಸೇರಿದರು.

ಕರಕುಶಲ ಕಲೆಗಳ ಪುನರುಜ್ಜೀವನಕ್ಕಾಗಿ ಅವರನ್ನು ನೆನೆಯುವವರು ಬಹಳ. ಈ ಉಪ್ಪಿನ ಕಥೆ ಬಲ್ಲವರು ಕಡಿಮೆ. ತಾವು ಕಟ್ಟಿ ಬೆಳೆಸಿದ ಮಹಿಳಾ ಪರಿಷತ್ತಿಗೆ 1944ರಲ್ಲಿ ಅಧ್ಯಕ್ಷರಾದರು. 1966ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಸಂದಿತು. 1988ರ ಅಕ್ಟೋಬರ್ 29ರಂದು ಮುಂಬಯಿಯಲ್ಲಿಯೇ ನಿಧನ ಹೊಂದಿದರು.