ಗೋಡೆ ಹಿಡಿದು ಸಾಗುವ ಪಿಸುಮಾತು

ಮಕ್ಕಳೇ, ನೀವು ವಿಜಯಪುರದ ಗೋಳಗುಮ್ಮಟ ನೋಡಿದ್ದೀರಾ? ಅಲ್ಲಿನ ಗ್ಯಾಲರಿಯಲ್ಲಿ ಗೋಡೆಯ ಬಳಿ ಪಿಸುಗುಟ್ಟಿದರೆ, ಎದುರು ಬದಿಯಲ್ಲಿ ಗೋಡೆಗೆ ಕಿವಿಯಿಟ್ಟವರಿಗೆ ಕೇಳಿಸುತ್ತದೆ. (ಸುತ್ತಲಿನವರು ಚಪ್ಪಾಳೆ ತಟ್ಟದೆ ಸುಮ್ಮನಿರಬೇಕು ಅಷ್ಟೆ!) ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚಿನಲ್ಲೂ ಇಂಥದೇ ಗ್ಯಾಲರಿ ಇದೆ. ಅದರ ಗುಟ್ಟು ಬಿಡಿಸಿದವರು ಲಾರ್ಡ್ ರೇಲೀ.

ಅವರ ಮೂಲ ಹೆಸರು ಜಾನ್ ವಿಲಿಯಂ ಸ್ಟ್ರಟ್. 1842ರ ನವೆಂಬರ್ 12ರಂದು ಇಂಗ್ಲೆಂಡಿನ ಎಸೆಕ್ಸ್‌ನಲ್ಲಿ ಜಮೀನ್ದಾರರ ಮನೆಯಲ್ಲಿ ಹುಟ್ಟಿದರು. ಬಾಲ್ಯದಿಂದಲೂ ಆರೋಗ್ಯ ಅಷ್ಟಕ್ಕಷ್ಟೆ. ಆದರೂ 1865ರಲ್ಲಿ ಕೇಂಬ್ರಿಜ್‌ನ ಗಣಿತ ಪರೀಕ್ಷೆಯಲ್ಲಿ ಮೊದಲಿಗರಾದರು. ಮದುವೆಯಾದ ಸ್ವಲ್ಪ ಕಾಲದಲ್ಲೇ ಕೀಲುವಾತದ ಜ್ವರ ಬಂದು ಪ್ರಾಣಕ್ಕೇ ಕುತ್ತಾಯಿತು. ಚೇತರಿಸಿಕೊಳ್ಳಲು ಈಜಿಪ್ಟಿಗೆ ಹೋದವರು, ನೈಲ್ ನದಿಯ ದೋಣಿಮನೆಯಲ್ಲಿ ಕುಳಿತು ಶಬ್ದವನ್ನು ಕುರಿತ ದೊಡ್ಡ ಗ್ರಂಥವೊಂದನ್ನು ಬರೆಯತೊಡಗಿದರು! ಅದರ ಎರಡು ಸಂಪುಟಗಳು 1877-78ರಲ್ಲಿ ಹೊರಬಂದವು.

ಪಿಸುಮಾತು ಗುಮ್ಮಟಕ್ಕೆ ಬಡಿದು, ಪ್ರತಿಫಲಿಸಿ, ನೇರ ಎದುರು ಬದಿಯಲ್ಲಿ ಒಟ್ಟುಗೂಡುತ್ತದೆ ಎಂದು ಖಗೋಳ ವಿಜ್ಞಾನಿ ಜಾರ್ಜ್ ಏರಿ ಹೇಳಿದ್ದರು. ರೇಲೀ ಅವರಿಗೆ ಇದು ಒಪ್ಪಿಗೆಯಾಗಲಿಲ್ಲ. ಹಾಗಿದ್ದರೆ ಎದುರು ಬದಿಯಲ್ಲಿ ಮಾತ್ರ ಕೇಳಬೇಕಲ್ಲವೇ? ಆದರೆ ಗೋಡೆಯುದ್ದಕ್ಕೂ ಕೇಳುತ್ತಿತ್ತು. ಶಬ್ದವು ಬಾಗಿದ ಗೋಡೆಗೆ ಅಂಟಿಕೊಂಡೇ ತೆವಳುತ್ತದೆ ಎಂದು ಅವರು ತರ್ಕಿಸಿದರು.

ತರ್ಕಿಸಿ ಸುಮ್ಮನಾಗಲಿಲ್ಲ. ಉದ್ದನೆಯ ಸತುವಿನ ತಗಡನ್ನು ಕಮಾನಿನಂತೆ ಬಗ್ಗಿಸಿದರು. ಒಂದು ತುದಿಯಲ್ಲಿ ಹಕ್ಕಿಯ ದನಿಯ ಸಿಳ್ಳೆ. ಇನ್ನೊಂದು ತುದಿಯಲ್ಲಿ ಸದ್ದಿಗೆ ಬೆಚ್ಚುವ ಅನಿಲದ ಜ್ವಾಲೆ. ಸಿಳ್ಳೆ ಊದಿದಾಗ ಜ್ವಾಲೆ ಕಲಕಿತು. ತಗಡಿನ ಒಳಮೈಗೆ ತಾಗಿಸಿ ಒಂದು ಕಿರಿದಾದ ಪಟ್ಟಿಯನ್ನು ಅಡ್ಡ ಹಿಡಿದರು. ಅಷ್ಟಕ್ಕೇ ಜ್ವಾಲೆ ಶಾಂತವಾಯಿತು! 1910ರಲ್ಲಿ ಇದರ ಗಣಿತವನ್ನೂ ಪ್ರಕಟಿಸಿದರು. ಆರ್ಗಾನ್ ಅನಿಲದ ಶೋಧಕ್ಕಾಗಿ 1904ರಲ್ಲೇ ಅವರಿಗೆ ನೊಬೆಲ್ ಬಹುಮಾನ ಬಂದಿತ್ತು. 1919ರ ಜೂನ್ 30ರಂದು ತೀರಿಕೊಂಡರು. ಮುಂದೆ ನಮ್ಮ ಸಿ.ವಿ. ರಾಮನ್ ಅವರು ಸೇಂಟ್ ಪಾಲ್ಸ್ ಮತ್ತು ಗೋಳಗುಮ್ಮಟ ಎರಡರ ಪಿಸುಮಾತನ್ನೂ ಪರೀಕ್ಷಿಸಿ ಬರೆದರು.

ಬೆಳಕೂ ಒಂದು ಅಲೆಯೇ. ಹಾಗಾಗಿ ಕೂದಲಿನ ದಪ್ಪದ ಗಾಜಿನ ಮಣಿಯೊಳಗೆ ಬಿಟ್ಟರೆ, ಅದೂ ಅಂಚನ್ನು ಹಿಡಿದು ಲಕ್ಷಾಂತರ ಸುತ್ತು ಹಾಕುತ್ತದೆ. ಆದರೆ ಯಾವ ಬಣ್ಣದ ಅಲೆಗಳು ಒಂದು ಸುತ್ತಿನಲ್ಲಿ ಪೂರ್ಣಸಂಖ್ಯೆಯಲ್ಲಿ ಹಿಡಿಸುತ್ತವೋ ಆ ಬಣ್ಣ ಮಾತ್ರ ಅಲ್ಲಿ ನಿಲ್ಲುತ್ತದೆ. ಮೃದಂಗದ ಎಡಬದಿಗೆ ರವೆಯ ಮುದ್ದೆ ಅಂಟಿಸಿದರೆ ಅದರ ನಾದ ಬದಲಾಗುವುದನ್ನು ಕೇಳಿದ್ದೀರಲ್ಲ? ಹಾಗೆಯೇ ಮಣಿಯ ಅಂಚಿನ ಮೇಲೆ ಒಂದು ಕಣ ಕುಳಿತರೂ ಸಾಕು, ಹಿಡಿಸುವ ಬಣ್ಣ ಚೂರೇ ಚೂರು ಸರಿಯುತ್ತದೆ. 2008ರಲ್ಲಿ ಅಮೆರಿಕದ ವಿಜ್ಞಾನಿಗಳು ಈ ಉಪಾಯದಿಂದ ಫ್ಲೂ ಜ್ವರದ ಒಂದೇ ಒಂದು ವೈರಸ್ಸನ್ನು ಗುರುತಿಸಿದರು. 2010ರಲ್ಲಿ ಅಲ್ಲಿನ ಸೇಂಟ್ ಲೂಯಿಸ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾಲಯದವರು ಗಾಜಿನ ಕಿರುಉಂಗುರ ಬಳಸಿ 30 ನ್ಯಾನೊಮೀಟರ್ ತ್ರಿಜ್ಯದ ಕಣವನ್ನು ಪತ್ತೆಹಚ್ಚಿ, ಅದರ ಗಾತ್ರವನ್ನೂ ಅಳೆದರು. ಅಂಥ ಕಣಗಳನ್ನು ಸಾಲಾಗಿ ಜೋಡಿಸಿದರೆ, ನಿಮ್ಮ ಅಳತೆಪಟ್ಟಿಯ ಒಂದು ಮಿಲಿಮೀಟರಿನಲ್ಲಿ ಸುಮಾರು 17 ಸಾವಿರ ಕಣಗಳು ಹಿಡಿಸುತ್ತವೆ!