ಪಂಜೆಯವರ ಹಲವು ಹೆಸರುಗಳು

ಪಂಜೆ ಮಂಗೇಶರಾಯರು ನಮ್ಮ ಬಂಟ್ವಾಳದವರು, ಹುಟ್ಟಿದ್ದು 1874ರಲ್ಲಿ. ಮನೆಮಾತು ಕೊಂಕಣಿ, ಬರೆದದ್ದು ಕನ್ನಡ. ಮೇಷ್ಟ್ರಾಗಿ, ಶಾಲಾ ಇನ್ಸ್‌ಪೆಕ್ಟರಾಗಿ ದುಡಿದರು. ಮಕ್ಕಳಿಗೆ ಓದ್ಲಿಕ್ಕೆ ಒಳ್ಳೆ ಪುಸ್ತಕ ಬೇಕೂಂತ 1921ರಲ್ಲಿ ಮಂಗಳೂರಲ್ಲಿ ಬಾಲಸಾಹಿತ್ಯ ಮಂಡಲ ಕಟ್ಟಿದರು. ಕವಿಶಿಷ್ಯ, ಹರಟೆಮಲ್ಲ, ರಾ.ಮ.ಪಂ. ಎಲ್ಲ ಅವರೇ! ಹರಟೆಮಲ್ಲ ಅಂದ್ರೆ ಎಂಥ ಬರಹ ಅಂತ ಹೆಸರೇ ಹೇಳ್ತದೆ.

ಲಿನಕ್ಸ್ ಡ್ರೈವರ್ ಬರೆಯುವ ನಮಗೆ ಇದು ಹತ್ತಿರದ ವಿಷಯ. ನೆಟ್‌ವರ್ಕ್ ಕಾರ್ಡಿನ ಎಂಟು ಇಂಟರಪ್ಟುಗಳಿಗೂ ಒಂದೇ ಹೆಸರಿಟ್ರೆ, ಯಾವ ಕ್ಯೂ ಸಿಪಿಯುವನ್ನು ತಿಂತಾ ಇದೆ ಅಂತ ಪಟ್ಟಿ ನೋಡಿ ಹೇಳ್ಲಿಕ್ಕಾಗುದಿಲ್ಲ. ಹೆಸರಲ್ಲೇ ‘ಆರ್‌ಎಕ್ಸ್-3’ ಅಂತಿದ್ರೆ ಒಂದೇ ನೋಟಕ್ಕೆ ಗೊತ್ತಾಗ್ತದೆ.

ಪಂಜೆಯವರು 1934ರಲ್ಲಿ ರಾಯಚೂರು ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು; 1937ರಲ್ಲಿ ತೀರಿಕೊಂಡರು.